ತೊಂಬತ್ತೊಂಬತ್ತನ್ನು ಬಿಟ್ಟು

ಬೆಳಿಗ್ಗೆ ಏಳೂ ನಲವತ್ತಕ್ಕೆ ಗೊತ್ತಾದದ್ದನ್ನು ಹನ್ನೊಂದು ಗಂಟೆಯ ಮೀಟಿಂಗಿನವರೆಗೆ ಮುಖದ ಮೇಲೆ ಕಾಣಿಸದಂತೆ ಹೊತ್ತುಕೊಂಡಿರುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು, ಅದರ ಪಕ್ಕದಲ್ಲಿ ಮಗಳು ಅರ್ಧ ಕುಡಿದು ಬಿಟ್ಟ ಹಾಲಿನ ಲೋಟ. ಅಂಕಿಗಳನ್ನು ಕೊನೆಯ ಸಲ ನೋಡಿಬಿಡೋಣ ಎಂದು ಕೂತದ್ದು ಬರೀ ಅಭ್ಯಾಸಬಲದಿಂದ. ಗ್ಯಾಸ್ ಆರಿಸಿದ ಮೇಲೂ ಹೆಂಡತಿ ಮತ್ತೊಮ್ಮೆ ಹೋಗಿ ನೋಡಿ ಬರುತ್ತಾಳಲ್ಲ, ಹಾಗೆ. ಕಂಡದ್ದು ಒಂದೇ ಸಾಲು. ನಾಲ್ಕು ವರ್ಷದ ಹಿಂದೆ ಅವನೇ ಬರೆದದ್ದು. ಕೋಡ್ ತೊಂಬತ್ತೊಂಬತ್ತನ್ನು ಬಿಟ್ಟು ಉಳಿದದ್ದನ್ನು ಎಣಿಸು ಎಂದು ಕಂಪ್ಯೂಟರಿಗೆ ಹೇಳುವ ಸಾಲು. ಅದರ ಮುಂದೆ ಅವನದೇ ಟಿಪ್ಪಣಿ: ತಾತ್ಕಾಲಿಕ, ಆಮೇಲೆ ತೆಗೆಯಬೇಕು. ಆಗ ಪರೀಕ್ಷೆಗೆಂದು ಹಾಕಿದ ಸುಳ್ಳು ಗಿರಾಕಿಗಳಿಗೆಲ್ಲ ತೊಂಬತ್ತೊಂಬತ್ತು ಎಂಬ ಕೋಡ್ ಕೊಟ್ಟಿದ್ದ. ಯಾರಿಗೂ ಬೇಡವಾದ ಸಂಖ್ಯೆ ಅದು, ಯಾರೂ ಬಳಸುವುದಿಲ್ಲ ಎಂದುಕೊಂಡಿದ್ದ. ಎಂಟು ತಿಂಗಳ ಹಿಂದೆ ಅಂಗಡಿಗಳಿಗೆ ಹೊಸ ಬಿಲ್ಲಿಂಗ್ ಬಂದಾಗ, ಒಂದೇ ಬೆರಳಿನಲ್ಲಿ ಎರಡು ಸಲ ಒತ್ತಿದರೆ ಸಾಕು ಎಂದು, ಪತ್ರ ಹಿಡಿದುಕೊಂಡು ಬಂದ ಗಿರಾಕಿಗಳಿಗೆ ಯಾರೋ ಅದೇ ತೊಂಬತ್ತೊಂಬತ್ತನ್ನು ಕೊಟ್ಟಿದ್ದರು.

"ಏನಾಯ್ತು? ಮುಖ ಯಾಕೆ ಹಾಗಾಗಿದೆ?" ಎಂದಳು ಹೆಂಡತಿ, ಮಗಳ ಶೂ ಲೇಸು ಕಟ್ಟುತ್ತ.

"ಏನಿಲ್ಲ. ಆಫೀಸಿಂದು. ಒಂದು ತಪ್ಪಾಗಿದೆ."

"ಸರಿ ಮಾಡೋಕಾಗಲ್ವಾ?"

"ಮಾಡಬಹುದು. ಹತ್ತು ಸೆಕೆಂಡ್ ಸಾಕು."

"ಮತ್ತೆ ಹತ್ತು ಸೆಕೆಂಡ್ ಕೆಲಸಕ್ಕೆ ಯಾಕ್ರೀ ಬೆವರ್ತಿದ್ದೀರಾ?" ಎಂದು ನಕ್ಕು ಅವಳು ಮಗಳನ್ನು ಕರೆದುಕೊಂಡು ಹೋದಳು. ಅವಳ ನಗುವಿನಲ್ಲಿ ತಪ್ಪೇನಿರಲಿಲ್ಲ. ಆದರೂ ಅವನಿಗೆ ಸಿಟ್ಟು ಬಂತು. ಸಿಟ್ಟು ಅವಳ ಮೇಲಲ್ಲ ಎಂದು ಗೊತ್ತಾದಾಗ ಇನ್ನಷ್ಟು ಬಂತು.

ಅವನ ಹುದ್ದೆಯ ಹೆಸರು ಒಂದು ಉಸಿರಿಗೆ ಮುಗಿಯುವುದಿಲ್ಲ: ಸೀನಿಯರ್ ಬಿಸಿನೆಸ್ ಇಂಟೆಲಿಜೆನ್ಸ್ ಡೆವಲಪರ್, ಮಾರ್ಕೆಟಿಂಗ್ ಅನಲಿಟಿಕ್ಸ್. ಮದುವೆಯಾದ ಹೊಸದರಲ್ಲಿ ಅತ್ತೆ ಕೇಳಿದ್ದಕ್ಕೆ, "ನಮ್ಮದು ಕನ್ನಡಕ ಮಾರೋ ಕಂಪನಿ ಅತ್ತೆ. ಯಾವ ಜಾಹೀರಾತಿಂದ ಎಷ್ಟು ಜನ ಅಂಗಡಿಗೆ ಬಂದ್ರು ಅಂತ ಎಣಿಸಿ ತೋರಿಸ್ತೀನಿ" ಎಂದಿದ್ದ. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, "ಅಷ್ಟಕ್ಕೆ ಅಂಗಡೀಲಿ ಕೂತಿರೋರನ್ನೇ ಕೇಳಬಹುದಲ್ಲಪ್ಪ?" ಎಂದಿದ್ದರು. ಈ ಮಾತನ್ನು ಅವನು ಆಫೀಸಿನಲ್ಲಿ ಎಷ್ಟೋ ಸಲ ಹೇಳಿ ನಗಿಸಿದ್ದಾನೆ. ಇವತ್ತು ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತಾಗ ಆ ಮಾತು ಸುಮ್ಮನೆ ಬಂದು ಎದುರು ಸೀಟಿನಲ್ಲಿ ಕೂತಿತು. ಇವತ್ತಿನ ಮೀಟಿಂಗಿನಲ್ಲಿ ಪತ್ರ ವಿಭಾಗವನ್ನು ಮುಚ್ಚುತ್ತಾರೆ. ನಾಲ್ಕು ಜನರ ವಿಭಾಗ. ಮೊಬೈಲಿನ ಮೆಸೇಜು ಓದದ, ಮೇಲ್ ತೆರೆಯದ ಹಳೆಯ ಗಿರಾಕಿಗಳಿಗೆ ದೊಡ್ಡ ಅಕ್ಷರದಲ್ಲಿ ಪತ್ರ ಬರೆದು, ನಿಮ್ಮ ಕನ್ನಡಕಕ್ಕೆ ಎರಡು ವರ್ಷವಾಯಿತು, ಬಂದು ಕಣ್ಣು ತೋರಿಸಿ ಎಂದು ಕರೆಯುವವರು. ಹೊಸ ಬಿಲ್ಲಿಂಗ್ ಬಂದಂದಿನಿಂದ ಅವರ ಪತ್ರ ಹಿಡಿದು ಬಂದವರ ಸಂಖ್ಯೆ ನೆಲ ಕಚ್ಚಿತ್ತು. ಎಂಟು ತಿಂಗಳಲ್ಲಿ ಮೂವತ್ತೊಂದು ಸಾವಿರ ಪತ್ರ, ಇನ್ನೂರ ಹದಿನಾಲ್ಕು ಗಿರಾಕಿಗಳು. ಆ ಇನ್ನೂರ ಹದಿನಾಲ್ಕು ಕೂಡ ಹಳೆಯ ಮೆಷಿನ್ನು ಇನ್ನೂ ಬದಲಾಗದ ಎರಡು ಅಂಗಡಿಗಳವರು ಬೇರೆ ಹಾಳೆಯಲ್ಲಿ ಬರೆದು ಕಳಿಸಿದ್ದು. ಅದೇ ಎಡವಟ್ಟಾದದ್ದು. ಸೊನ್ನೆ ಬಂದಿದ್ದರೆ ಯಾರಾದರೂ ಹುಬ್ಬೇರಿಸುತ್ತಿದ್ದರು. ಇನ್ನೂರ ಹದಿನಾಲ್ಕನ್ನು ಎಲ್ಲರೂ ನಂಬಿದರು. ಪತ್ರದ ಕಾಲ ಮುಗಿಯಿತು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಆ ಅಂಕಿಯ ಪಕ್ಕದಲ್ಲಿ ಕೆಂಪು ಬಾಣ ಇಳಿಮುಖವಾಗಿ ಬರೆದದ್ದು ಅವನೇ.

ಆಫೀಸಿನಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಕುರ್ಚಿ ಎಳೆದುಕೊಂಡು ಮೊದಲು ಮಾಡಿದ ಕೆಲಸ ಹಳೆಯ ಮೇಲ್ ಹುಡುಕಿದ್ದು. ತನ್ನ ತಪ್ಪಿರಲಾರದು, ಬಿಲ್ಲಿಂಗಿನವರು ತನಗೆ ತಿಳಿಸಿಯೇ ಇರಲಾರರು ಎಂಬ ಆಸೆಯೊಂದು ಬಸ್ಸಿಳಿದಾಗಿನಿಂದ ಬೆನ್ನು ಹತ್ತಿತ್ತು. ಮೇಲ್ ಸಿಕ್ಕಿತು. ಎಂಟು ತಿಂಗಳ ಹಿಂದಿನದು. 'ಪತ್ರ ವಿಭಾಗಕ್ಕೆ ಇನ್ನು ಮುಂದೆ ಕೋಡ್ 99, ದಯವಿಟ್ಟು ಗಮನಿಸಿ.' ಅದರ ಕೆಳಗೆ ಅವನ ಉತ್ತರ, ಎರಡು ನಿಮಿಷದೊಳಗೆ ಕಳಿಸಿದ್ದು: 'ಗಮನಿಸಿದೆ. ಧನ್ಯವಾದ.' ಅವನು ಆ ಎರಡು ಪದಗಳನ್ನು ಬೇರೆ ಯಾರೋ ಬರೆದದ್ದೆಂಬಂತೆ ನೋಡಿದ. ಎಷ್ಟು ಸಭ್ಯವಾಗಿವೆ. ಅವತ್ತು ಏನು ಮಾಡುತ್ತಿದ್ದ? ಬಹುಶಃ ಫೋನಿನಲ್ಲಿ ಮಾತಾಡುತ್ತಿದ್ದ, ಬಹುಶಃ ತಿಂಡಿ ತಿನ್ನುತ್ತಿದ್ದ. ಗಮನಿಸಿರಲಿಲ್ಲ ಎಂಬುದಂತೂ ಖಂಡಿತ.

ಅಪ್ಪ ದರ್ಜಿ. ಬೀದಿಯ ತಿರುವಿನಲ್ಲಿ ಅರೆಬಾಗಿಲಿನ ಅಂಗಡಿ, ಒಂದೇ ಮೆಷಿನ್ನು. ಅಳತೆಗೆ ತಕ್ಕಂತೆ ಕತ್ತರಿಸುವುದರಲ್ಲಿ ಅಪ್ಪನ ಕೈ ತಪ್ಪಿದ್ದನ್ನು ಯಾರೂ ನೋಡಿಲ್ಲ ಎಂದು ಹೆಸರಿತ್ತು, ಮಗ ಒಮ್ಮೆ ನೋಡಿದ್ದ. ಹೈಸ್ಕೂಲಿನ ಗಣಿತದ ಮೇಷ್ಟ್ರು ಹೊಸ ಅಂಗಿ ಹಾಕಿಕೊಂಡು ನೋಡಿದರೆ ಗುಂಡಿ ಕೂರುತ್ತಿಲ್ಲ. ಅಳತೆ ಪುಸ್ತಕದಲ್ಲಿ ಮೂವತ್ತೆಂಟು ಎಂದಿತ್ತು, ಅಪ್ಪ ಮೂವತ್ತಾರಕ್ಕೆ ಕತ್ತರಿಸಿದ್ದ. ಪುಸ್ತಕ ತೆರೆದಿದ್ದ ಮಗನಿಗೆ ಅದು ಕಂಡಿತು, ಅಪ್ಪನಿಗೂ ಕಂಡಿತು. ಅಪ್ಪ ಹಾಳೆ ಮಗುಚಿ, "ಮೇಷ್ಟ್ರೇ, ಅಳತೆ ಸರಿಯಾಗೇ ಇದೆ. ನಿಮಗೇ ಸ್ವಲ್ಪ ಮೈ ಬಂದಿದೆ" ಎಂದ. ಮೇಷ್ಟ್ರು ನಾಚಿಕೊಂಡರು. ಉಸಿರು ಎಳೆದು ಹೊಟ್ಟೆ ಒಳಗೆ ಮಾಡಿ ಗುಂಡಿ ಹಾಕಿಕೊಂಡರು. "ಹೌದು ಮಾರಾಯ, ಈಚೆಗೆ ನಡಿಗೇನೇ ಇಲ್ಲ" ಎಂದು ತಾವೇ ತಪ್ಪೊಪ್ಪಿಕೊಂಡರು. ಮಾರನೆಯ ದಿನದಿಂದ ಸಂಜೆ ಐದಾದರೆ ಸಾಕು, ಮೇಷ್ಟ್ರು ಆ ಬಿಗಿ ಅಂಗಿಯಲ್ಲೇ ಏದುಸಿರು ಬಿಡುತ್ತ ಅಂಗಡಿಯ ಮುಂದೆ ಬಿರುಸಾಗಿ ನಡೆದು ಹೋಗುವರು. ಆ ಹೊತ್ತಿಗೆ ಅಪ್ಪ ಮೆಷಿನ್ನಿನ ಮೇಲೆ ತಲೆ ಬಗ್ಗಿಸಿ, ದಾರ ಇಲ್ಲದಿದ್ದರೂ ಪೆಡಲು ತುಳಿಯುತ್ತಿದ್ದ. ಕೊನೆಯವರೆಗೂ ಮೇಷ್ಟ್ರು ವಾಕಿಂಗ್ ಬಿಡಲಿಲ್ಲ. ಅದರಿಂದಲೇ ಎಂಬತ್ತೆರಡು ವರ್ಷ ಬಾಳಿದರು ಎಂದು ಅಪ್ಪ ಹೇಳುತ್ತಿದ್ದುದುಂಟು, ಆದರೆ ಹಾಗೆ ಹೇಳುವಾಗ ಮಗನ ಮುಖ ನೋಡುತ್ತಿರಲಿಲ್ಲ.

ಸಾಲನ್ನು ಅಳಿಸಲು ಹತ್ತು ಸೆಕೆಂಡೂ ಬೇಕಾಗಲಿಲ್ಲ. ಅಳಿಸಿದ ಮೇಲೆ ಒಂದು ಪುಟ್ಟ ಕಿಟಕಿ ತೆರೆದುಕೊಂಡು ಬದಲಾವಣೆಗೆ ಕಾರಣವೇನು ಎಂದು ಕೇಳಿತು. ಕಾರಣ ಬರೆಯದೆ ಯಾರೂ ಏನನ್ನೂ ಬದಲಾಯಿಸಕೂಡದು ಎಂಬ ನಿಯಮ ತಂದವನೂ ಅವನೇ. ಬೆರಳುಗಳು ಕೀಲಿಗಳ ಮೇಲೆ ಸುಮ್ಮನೆ ಕೂತವು. ಕೊನೆಗೆ 'ಸಣ್ಣ ಸುಧಾರಣೆ' ಎಂದು ಬರೆದ. ಮುಂದಿನ ಗುಂಡಿ ಒತ್ತಿದ. ಹೊಸ ಎಣಿಕೆ ಮುಗಿಯಲು ನಲವತ್ತು ನಿಮಿಷ ಬೇಕು ಎಂದು ತೆರೆ ತಿಳಿಸಿತು. ಯಾರಿಗೂ ಏನೂ ಹೇಳುವ ಅಗತ್ಯವಿಲ್ಲ, ಅಂಕಿ ತಾನಾಗಿ ಮೇಲೇಳುತ್ತದೆ, ನೋಡಿದವರು ಖುಷಿಪಡುತ್ತಾರೆ, ವಿಭಾಗ ಉಳಿಯುತ್ತದೆ, ತನ್ನ ಹೆಸರೂ ಉಳಿಯುತ್ತದೆ ಎಂದು ಲೆಕ್ಕ ಹಾಕಿದ. ಇದರಲ್ಲಿ ಯಾರಿಗೂ ಅನ್ಯಾಯವಿಲ್ಲ. ಹೀಗೆ ತನಗೆ ತಾನೇ ಮೂರು ಸಲ ಹೇಳಿಕೊಂಡ. ಮೂರನೆಯ ಸಲ ಹೇಳಬೇಕಾಗಿ ಬಂದದ್ದೇಕೆ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಒಂಬತ್ತೂವರೆಗೆ ನೀರು ಹಿಡಿಯಲು ಎದ್ದವನಿಗೆ ಕಾರಿಡಾರಿನ ತುದಿಯಲ್ಲಿ ಪತ್ರದ ಮೇಡಂ ಕಂಡರು. ಆಫೀಸಿನಲ್ಲಿ ಎಲ್ಲರೂ ಅವರನ್ನು ಕರೆಯುವುದು ಹಾಗೆಯೇ. ಐವತ್ತು ದಾಟಿದ ಹೆಂಗಸು, ಹನ್ನೊಂದು ವರ್ಷದಿಂದ ಆ ವಿಭಾಗವನ್ನು ನಡೆಸಿಕೊಂಡು ಬಂದವರು. ಕಂಕುಳಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಯೊಂದನ್ನು ಇರುಕಿಕೊಂಡು ಬರುತ್ತಿದ್ದರು. ಮೇಜು ಖಾಲಿ ಮಾಡಲು ಮನೆಯಿಂದಲೇ ತಂದಿರಬೇಕು. ಅವನು ಪಕ್ಕದ ಬಾಗಿಲು ತಳ್ಳಿ ಶೌಚಾಲಯದೊಳಗೆ ಹೋದ. ಹೋಗಿ ಏನೂ ಮಾಡದೆ ನಿಂತ. ಕೈಯಲ್ಲಿ ನೀರಿನ ಬಾಟಲಿ ಇತ್ತು. ಕೈ ತೊಳೆಯುತ್ತಿದ್ದ ಬಿಲ್ಲಿಂಗಿನವನು ಬಾಟಲಿಯನ್ನೂ ಅವನನ್ನೂ ನೋಡಿ, "ಏನ್ ಸರ್, ಇಲ್ಲೇ ಹಿಡಿತೀರಾ ನೀರು?" ಎಂದ. ಅವನು ಹಲ್ಲು ಕಿರಿದ. ನಲವತ್ತಮೂರು ವರ್ಷ ವಯಸ್ಸಾಗಿ, ಹೆಸರಿನ ಹಿಂದೆ ಸೀನಿಯರ್ ಎಂದಿದ್ದು, ಒಬ್ಬ ಹೆಂಗಸಿಗೆ ಮುಖ ತೋರಿಸಲಾರದೆ ಮೂತ್ರದ ವಾಸನೆಯಲ್ಲಿ ನಿಂತಿದ್ದೇನೆ ಎಂದು ಎನಿಸಿ ಕಿವಿ ಬಿಸಿಯಾಯಿತು.

ಐದು ತಿಂಗಳ ಹಿಂದೆ ಅವರೇ ಅವನ ಮೇಜಿನ ಬಳಿ ಬಂದಿದ್ದರು. ರಬ್ಬರ್ ಬ್ಯಾಂಡ್ ಹಾಕಿದ ಉದ್ದನೆಯ ನೋಟ್‌ಬುಕ್ಕು ಎದೆಗವಚಿಕೊಂಡು, ಅವನು ತಲೆಯೆತ್ತುವವರೆಗೆ ಕಾದು ನಿಂತಿದ್ದರು. "ಬೇಜಾರು ಮಾಡ್ಕೋಬೇಡಿ, ಒಂದು ಡೌಟು. ನಾನು ಪ್ರತಿ ಶನಿವಾರ ಹದಿನಾಲ್ಕು ಅಂಗಡಿಗೆ ಫೋನ್ ಮಾಡಿ, ಪತ್ರ ಹಿಡ್ಕೊಂಡು ಎಷ್ಟು ಜನ ಬಂದ್ರು ಅಂತ ಕೇಳಿ ಬರ್ಕೊಳ್ತೀನಿ. ಈ ಮೂರು ತಿಂಗಳಲ್ಲಿ ನಾಲ್ಕು ಅಂಗಡೀದು ಸೇರಿಸಿದ್ರೇ ಮುನ್ನೂರು ದಾಟುತ್ತೆ. ನಿಮ್ಮ ಡ್ಯಾಶ್‌ಬೋರ್ಡಲ್ಲಿ ಎಲ್ಲಾ ಸೇರಿ ನೂರಾ ಹತ್ತು ತೋರಿಸುತ್ತೆ." ನೋಟ್‌ಬುಕ್ಕು ತೆರೆದು ತೋರಿಸಿದ್ದರು. ನಾಲ್ಕು ಗೀಟು, ಅಡ್ಡ ಒಂದು ಗೀಟು, ಮತ್ತೆ ನಾಲ್ಕು ಗೀಟು, ಪುಟದ ತುಂಬ. ಅವನು ಅದನ್ನು ನೋಡಿದ್ದ, ಆದರೆ ಬೇಲಿಯನ್ನು ನೋಡುವಂತೆ ನೋಡಿದ್ದ. ಕೀಬೋರ್ಡಿನಿಂದ ಕೈ ತೆಗೆಯದೆ ಹೇಳಿದ್ದ: "ಮೇಡಂ, ಫೋನಲ್ಲಿ ಹೇಳೋರು ನಿಮಗೆ ಬೇಜಾರಾಗಬಾರದು ಅಂತ ಹೇಳ್ತಾರೆ. ಸಿಸ್ಟಮ್‌ಗೆ ಆ ದಾಕ್ಷಿಣ್ಯ ಇರಲ್ಲ ನೋಡಿ." ಅಕ್ಕಪಕ್ಕದವರು ಕಿಸಕ್ಕೆಂದು ನಕ್ಕರು. ಮೇಡಂ ಕೂಡ ನಕ್ಕರು. ನೋಟ್‌ಬುಕ್ಕಿಗೆ ರಬ್ಬರ್ ಬ್ಯಾಂಡ್ ಹಾಕುವಾಗ ಅದು ಅವರ ಬೆರಳಿಗೆ ಚಟ್ಟನೆ ಹೊಡೆಯಿತು. ಮಾತು ಚೆನ್ನಾಗಿತ್ತು ಎಂದು ಅವನಿಗೆ ತನ್ನ ಬಗ್ಗೆಯೇ ಮೆಚ್ಚುಗೆಯಾಗಿತ್ತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಇನ್ನೊಬ್ಬರಿಗೂ ಹೇಳಿ ನಗಿಸಿದ್ದ.

ಹತ್ತೂ ಐವತ್ತಕ್ಕೆ ಮೀಟಿಂಗ್ ಕೋಣೆಯಲ್ಲಿ ತಂತಿ ಜೋಡಿಸುವಾಗ ಅವನ ಕೈಯಿಂದ ಪ್ಲಗ್ಗು ಎರಡು ಸಲ ಜಾರಿತು. ಮಾರ್ಕೆಟಿಂಗ್ ಮುಖ್ಯಸ್ಥರು ಬಂದು ಕೂತರು. ಯಾರು ಬಾಯಿ ತೆರೆದರೂ "ಶಾರ್ಟಾಗಿ ಹೇಳಿ" ಎನ್ನುವುದರಿಂದ ಬೆನ್ನ ಹಿಂದೆ ಅವರಿಗೆ ಶಾರ್ಟಾಗಿ ಸಾಹೇಬರು ಎಂದೇ ಹೆಸರು. ಅವರ ಬಲಕ್ಕೆ ಸಿಬ್ಬಂದಿ ವಿಭಾಗದವಳು, ಅವಳ ಮುಂದೆ ನೀಲಿ ಫೈಲು. ಫೈಲಿನಲ್ಲಿ ನಾಲ್ಕು ಜನರ ಕಾಗದಗಳು ಸಿದ್ಧವಾಗಿಯೇ ಇದ್ದಿರಬೇಕು. ಪತ್ರದ ಮೇಡಂ ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತರು, ಬೇಗ ಎದ್ದು ಹೋಗುವವರಂತೆ. ಅವನನ್ನು ನೋಡಿ ಸಣ್ಣಗೆ ತಲೆಯಾಡಿಸಿದರು. ಅವನು ತಂತಿಯನ್ನು ನೋಡಿದ.

ತೆರೆಯ ಮೇಲೆ ಬಣ್ಣದ ಕಂಬಗಳು ಬಂದವು. ಮೇಲ್‌ನಿಂದ ಬಂದವರು, ಮೆಸೇಜಿನಿಂದ ಬಂದವರು, ಪೇಪರ್ ಜಾಹೀರಾತಿನಿಂದ ಬಂದವರು. ಕೊನೆಯಲ್ಲಿ, ಎಂಟು ತಿಂಗಳಿಂದ ನೆಲಕ್ಕಂಟಿಕೊಂಡಿದ್ದ ಜಾಗದಲ್ಲಿ, ಎಲ್ಲವನ್ನೂ ಮೀರಿಸಿ ನಿಂತ ಒಂದು ಕಂಬ. ಆರು ಸಾವಿರದ ಮುನ್ನೂರ ನಲವತ್ತನಾಲ್ಕು. ಯಾರೂ ಖುಷಿಪಡಲಿಲ್ಲ.

"ಇದೇನ್ರೀ ಇದು?" ಎಂದರು ಸಾಹೇಬರು. "ಪತ್ರದ್ದು ಹೋದ ವಾರ ಇನ್ನೂರ ಚಿಲ್ಲರೆ ಇತ್ತಲ್ಲ? ಒಂದು ವಾರದಲ್ಲಿ ಊರಿಗೆ ಊರೇ ಕನ್ನಡಕ ಹಾಕ್ಕೊಂಡುಬಿಡ್ತಾ?"

ಕೋಣೆ ನಕ್ಕಿತು. "ಸಿಸ್ಟಮ್ ಕೆಟ್ಟಿರ್ಬೇಕು ಸರ್. ಹಳೇ ಸ್ಲೈಡ್ ನನ್ನ ಹತ್ರ ಇದೆ, ಅದನ್ನೇ ಹಾಕೋಣ" ಎಂದಳು ಸಿಬ್ಬಂದಿ ವಿಭಾಗದವಳು.

ಎಲ್ಲರ ಮುಖ ಅವನತ್ತ ತಿರುಗಿತು. ಅಂಕಿ ತಾನಾಗಿಯೇ ಮಾತಾಡುತ್ತದೆ ಎಂದು ನಂಬಿದ್ದ. ಅಂಕಿ ಗೋಡೆಯ ಮೇಲೆ ಸುಮ್ಮನೆ ನಿಂತಿತ್ತು. ಹೊಸ ಎಣಿಕೆ ಇನ್ನೂ ಪೂರ್ತಿಯಾಗಿಲ್ಲ, ಮಧ್ಯಾಹ್ನ ನೋಡೋಣ ಎಂದುಬಿಟ್ಟರೆ ಆಯಿತು, ನಾಲಗೆಯ ತುದಿಯಲ್ಲೇ ಇತ್ತು ಆ ಮಾತು. ಅಷ್ಟರಲ್ಲಿ ಬಾಗಿಲ ಬಳಿಯ ಕುರ್ಚಿ ಸರಿದ ಸದ್ದಾಯಿತು. ಪತ್ರದ ಮೇಡಂ ಎದ್ದು ನಿಂತಿದ್ದರು.

"ಸರ್, ಇದು ತಪ್ಪೇ ಇರ್ಬೇಕು" ಎಂದರು. ಅವರ ಧ್ವನಿಯಲ್ಲಿ ಅವನನ್ನು ಕಾಪಾಡುವ ಆತುರವಿತ್ತು. "ಪಾಪ, ಅವರೇನೋ ನಮಗೋಸ್ಕರ ಇನ್ನೊಂದು ಸಲ ನೋಡೋಕೆ ಹೋಗಿ ಹೀಗಾಗಿರುತ್ತೆ. ನಮ್ಮದು ಅಷ್ಟೆಲ್ಲಾ ಬರಲ್ಲ ಸರ್. ಮೊದಮೊದಲು ನಾನೂ ಬರುತ್ತೆ ಅಂದ್ಕೊಂಡಿದ್ದೆ. ಈಗ ಯಾರೂ ಪತ್ರ ಓದಲ್ಲ, ನಾನು ಬರೆಯೋದೂ ಹಳೇ ಥರ. ನನಗೆ ಅರ್ಥ ಆಗಿದೆ. ಹಳೇ ನಂಬರೇ ಇಟ್ಕೊಳ್ಳಿ."

ಬಿಗಿ ಅಂಗಿಯಲ್ಲಿ ಉಸಿರು ಹಿಡಿದು ಅವರು ನಿಂತಿದ್ದರು, ಹೊಟ್ಟೆ ಒಳಗೆಳೆದುಕೊಂಡು. ಅವನಿಗೆ ಬೇರೇನೂ ಕಾಣಿಸಲಿಲ್ಲ. ಪೆಡಲು ತುಳಿಯುತ್ತಿದ್ದ ಅಪ್ಪನ ಪಾದ, ಸಂಜೆಯ ಬೀದಿ, ಏದುಸಿರು.

"ಇಲ್ಲ" ಎಂದ. ಧ್ವನಿ ಕೀರಲಾಗಿ ಬಂತು. ಮತ್ತೊಮ್ಮೆ, "ಇಲ್ಲ ಮೇಡಂ, ಕೂತ್ಕೊಳ್ಳಿ" ಎಂದ.

"ಶಾರ್ಟಾಗಿ ಹೇಳಿ. ಯಾವುದು ಸರಿ?"

"ಇದು ಸರಿ ಸರ್. ಎಂಟು ತಿಂಗಳು ತೋರಿಸಿದ್ದು ತಪ್ಪು. ಅವರ ಗಿರಾಕಿಗಳನ್ನ ಎಣಿಸಬೇಡ ಅಂತ ಒಂದು ಸಾಲು ನಾನೇ ಬರೆದಿಟ್ಟಿದ್ದೆ, ಬೇರೆ ಯಾವುದಕ್ಕೋ. ತೆಗೆಯೋದು ಮರೆತೆ. ಅವರ ಕೋಡ್ ಅದೇ ಅಂತ ಮೇಲ್ ಬಂದಿತ್ತು, ಗಮನಿಸಿದೆ ಅಂತ ಉತ್ತರಾನೂ ಕೊಟ್ಟಿದ್ದೆ. ಗಮನಿಸಿರಲಿಲ್ಲ." ಒಂದು ಕ್ಷಣ ನಿಂತು, ಅದನ್ನೂ ಹೇಳಿಬಿಡಬೇಕೆನಿಸಿತು. "ಇವತ್ತು ಬೆಳಿಗ್ಗೆ ಯಾರಿಗೂ ಹೇಳ್ದೆ ಸರಿ ಮಾಡಿದೆ. ಸಣ್ಣ ಸುಧಾರಣೆ ಅಂತ ಬರೆದೆ."

ಬಿಲ್ಲಿಂಗಿನವನು ಮೇಜಿನ ಮೇಲಿನ ಪೆನ್ನನ್ನು ಉದ್ದಕ್ಕೆ, ಅಡ್ಡಕ್ಕೆ ಇಟ್ಟು ನೋಡುತ್ತಿದ್ದ. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕೈ ಚಾಚಿ ನೀಲಿ ಫೈಲನ್ನು ತಮ್ಮತ್ತ ಎಳೆದುಕೊಂಡು ಅದರ ಮೇಲೆ ಮೊಣಕೈ ಊರಿದರು. "ಮುಚ್ಚೋ ವಿಷಯ ಇವತ್ತಿಗೆ ಬೇಡ" ಎಂದರು. ಆಮೇಲೆ ಅವನ ಮುಖ ನೋಡದೆ, "ನೀವು ಮೂರು ಗಂಟೆಗೆ ನನ್ನ ರೂಮಿಗೆ ಬನ್ನಿ. ಎಲ್ಲಾ ಮೇಲ್ ಪ್ರಿಂಟ್ ತಗೊಂಡು" ಎಂದರು. ಪತ್ರದ ಮೇಡಂ ಕಂಬವನ್ನೇ ನೋಡುತ್ತಿದ್ದರು, ಅದು ಇನ್ನೇನು ಇಳಿದುಬಿಡುತ್ತದೆ ಎಂಬಂತೆ.

ಮೂರಕ್ಕೆ ಇನ್ನೂ ಎರಡು ಗಂಟೆಯಿತ್ತು. ಊಟಕ್ಕೆ ಏಳುವಾಗ ಯಾರೂ ಅವನನ್ನು ಕರೆಯಲಿಲ್ಲ. ಕೆಲಸ ಹೋದರೆ ಮನೆಯಲ್ಲಿ ಏನೆಂದು ಹೇಳುವುದು? ಹತ್ತು ಸೆಕೆಂಡಿನ ಕೆಲಸ ಎಂದು ತಾನೇ ಹೇಳಿದ್ದನಲ್ಲ. ಪ್ರಿಂಟರಿನಿಂದ ಬಂದ ಹಾಳೆ ಮೇಜಿನ ಮೇಲಿತ್ತು, ಗಮನಿಸಿದೆ, ಧನ್ಯವಾದ. ಅದನ್ನು ಮಗುಚಿ ಹಾಕಲು ಕೈ ಹೋಯಿತು, ತಡೆದುಕೊಂಡ. ತಲೆಯೆತ್ತಿದರೆ ಪತ್ರದ ಮೇಡಂ, ಐದು ತಿಂಗಳ ಹಿಂದೆ ನಿಂತಲ್ಲಿಯೇ ನಿಂತಿದ್ದರು. ಈ ಸಲ ಎದ್ದು ನಿಂತ.

"ಆ ಸಾಲು ತೋರಿಸ್ತೀರಾ?" ಎಂದರು.

ಅಳಿಸಿದ್ದನ್ನೂ ಉಳಿಸಿಟ್ಟುಕೊಳ್ಳುವ ಪುಟವನ್ನು ತೆರೆದು ತೋರಿಸಿದ. ಅವರು ಬಗ್ಗಿ, ಕನ್ನಡಕವನ್ನು ಮೂಗಿನ ಮೇಲೆ ಸರಿಸಿಕೊಂಡು, ಬೆರಳಿಟ್ಟು ಓದಿದರು. ತೊಂಬತ್ತೊಂಬತ್ತನ್ನು ಬಿಟ್ಟು. ತಾತ್ಕಾಲಿಕ.

"ಇಷ್ಟೇನಾ?"

"ಇಷ್ಟೇ ಮೇಡಂ."

"ಇಷ್ಟೇ" ಎಂದು ಅವರೂ ಅಂದುಕೊಂಡರು. ಬೈಯುತ್ತಾರೆ ಎಂದು ಕಾದ. ಬೈದರೆ ಚೆನ್ನಾಗಿತ್ತು. "ಹಾಗಾದ್ರೆ ನನ್ನ ನೋಟ್‌ಬುಕ್ ಸರಿ ಇತ್ತು ಅನ್ನಿ."

"ಸರಿ ಇತ್ತು. ಆ ನೋಟ್‌ಬುಕ್ ಕೊಡ್ತೀರಾ? ಮೂರು ಗಂಟೆಗೆ ಸಾಹೇಬರಿಗೆ ತೋರಿಸ್ತೀನಿ. ನೀವು ಅವತ್ತೇ ಬಂದು ಹೇಳಿದ್ರಿ, ನಾನೇ ಕೇಳಲಿಲ್ಲ ಅಂತ ಹೇಳ್ತೀನಿ."

"ಎಲ್ಲಿದೆ ಅದು? ಹಳೇ ಪೇಪರ್ ಜೊತೆ ಹಾಕ್ಬಿಟ್ಟೆ. ಮನೇಲಿ ಅದು ಕಣ್ಣಿಗೆ ಬಿದ್ದಾಗೆಲ್ಲ ನಾಚಿಕೆ ಆಗೋದು. ಇಷ್ಟು ವಯಸ್ಸಾಗಿ, ಜನ ನನ್ನ ಸಮಾಧಾನಕ್ಕೆ ಹೇಳಿದ್ದನ್ನೆಲ್ಲ ನಿಜ ಅಂದ್ಕೊಂಡು ಗೀಟು ಎಳೀತಾ ಕೂತಿದ್ನಲ್ಲ ಅಂತ." ಇದನ್ನು ಅವರು ಆರೋಪದಂತೆ ಹೇಳಲಿಲ್ಲ, ಇರುವುದನ್ನು ಇರುವಂತೆ ಹೇಳಿದರು. "ಆಮೇಲೆ ಶನಿವಾರ ಫೋನ್ ಮಾಡೋದೂ ಬಿಟ್ಟೆ. ಅಂಗಡಿಯವರೇ ಮಾಡ್ತಿದ್ರು ಮೊದಮೊದಲು. ನಾನೇ ತೆಗೀತಿರಲಿಲ್ಲ."

ಅವನಿಗೆ ಅಳು ಬಂದಂತಾಯಿತು. ಅಳುವುದಕ್ಕೂ ತನಗೆ ಹಕ್ಕಿಲ್ಲ ಎನಿಸಿತು. "ಮೇಡಂ, ಸಿಸ್ಟಮಲ್ಲಿ ಎಲ್ಲಾ ಇದೆ. ಅಂಗಡಿ ಅಂಗಡೀದೂ ಇದೆ. ಈಗಲೇ ತೆಗೆದು ಕೊಡ್ತೀನಿ" ಎಂದು ಕುರ್ಚಿ ಎಳೆದು ಕೀಬೋರ್ಡಿನ ಮೇಲೆ ಕೈಯಿಟ್ಟ.

"ಬೇಡ" ಎಂದರು ಅವರು. ಪಕ್ಕದ ಕುರ್ಚಿಯನ್ನು ತಾವೇ ಎಳೆದುಕೊಂಡು ಕೂತು, ಕೈಚೀಲದಿಂದ ಫೋನು ತೆಗೆದು ಮೇಜಿನ ಮೇಲಿಟ್ಟರು. "ಅದನ್ನ ಮುಚ್ಚಿ. ಕಾಗದ ಇದೆಯಾ? ಪೆನ್ನು?"

ಅವನು ಲ್ಯಾಪ್‌ಟಾಪ್ ಮುಚ್ಚಿದ. ಪ್ರಿಂಟಿಗೆ ಇಟ್ಟಿದ್ದ ಬಿಳಿ ಹಾಳೆಗಳಲ್ಲಿ ಒಂದನ್ನು ಎಳೆದುಕೊಂಡ. ಪೆನ್ನಿಗಾಗಿ ಮೂರು ಡ್ರಾಯರು ತಡಕಾಡಬೇಕಾಯಿತು. ಅಷ್ಟರಲ್ಲಿ ಮೊದಲನೆಯ ಅಂಗಡಿಯವರು ಫೋನು ಎತ್ತಿದ್ದರು. ಸ್ಪೀಕರಿನಲ್ಲಿ ಒಬ್ಬ ಹೆಂಗಸಿನ ಧ್ವನಿ, ಹಿಂದೆ ಗಿರಾಕಿಗಳ ಗಲಾಟೆ.

"ಅಯ್ಯೋ, ಪತ್ರದ ಮೇಡಮ್ಮಾ! ಎಲ್ಲಿ ಹೋಗಿಬಿಟ್ಟಿದ್ರಿ? ನಾವು ಏನು ತಪ್ಪು ಮಾತಾಡಿದ್ವಿ ಅಂತ ಫೋನ್ ಮಾಡೋದೇ ನಿಲ್ಲಿಸಿಬಿಟ್ರಿ?"

"ನಿಮ್ಮದೇನೂ ತಪ್ಪಿಲ್ಲಮ್ಮ" ಎಂದರು ಮೇಡಂ. "ಈ ವಾರ ಪತ್ರ ಹಿಡ್ಕೊಂಡು ಎಷ್ಟು ಜನ ಬಂದ್ರು ಹೇಳಿ."

"ಇರಿ, ಎಣಿಸಿ ಹೇಳ್ತೀನಿ. ಪತ್ರ ಎಲ್ಲಾ ಡಬ್ಬದಲ್ಲಿ ಇಟ್ಟಿದ್ದೀನಿ. ನೀವು ಯಾವತ್ತಾದ್ರೂ ಕೇಳ್ತೀರಾ ಅಂತ ಬಿಸಾಕಿಲ್ಲ." ಕಾಗದಗಳ ಸರಸರ ಸದ್ದು. ಒಂದು, ಎರಡು, ಮೂರು ಎಂದು ಆ ಹೆಂಗಸು ಜೋರಾಗಿಯೇ ಎಣಿಸತೊಡಗಿದಳು.

ಮೇಡಂ ಅವನತ್ತ ತಿರುಗಿ, "ಬರ್ಕೊಳ್ಳಿ" ಎಂದರು.

ಪೆನ್ನಿನಲ್ಲಿ ಬರೆದು ಎಷ್ಟೋ ಕಾಲವಾಗಿತ್ತು. ಮೊದಲ ಗೀಟು ಸೊಟ್ಟಗಾಯಿತು. ಎರಡನೆಯದೂ ಹಾಗೆಯೇ. ನಾಲ್ಕು ಗೀಟು ಎಳೆದು, ಐದನೆಯದನ್ನು ಅಡ್ಡ ಹಾಕಿ, ಅವಳು ಮುಂದಿನ ಅಂಕಿ ಹೇಳುವುದನ್ನು ಕಾದ. ಇನ್ನೂ ಹದಿಮೂರು ಅಂಗಡಿಗಳಿದ್ದವು.